2,199 ಅಂದಿದ್ದೆಯಲ್ಲಮ್ಮಾ?

ಮಡಿಕೇರಿಯಿಂದ ವಾಪಸ್ ಬರುವಾಗ ಕುಶಾಲನಗರ ದಾಟಿದ ಮೇಲೆ ಕಾಫಿಗೆ ಅಂತ ಕಾರು ನಿಲ್ಲಿಸಿದ್ದೆವು. ಮಾವ ಲೋಟ ಕೆಳಗಿಟ್ಟು ಕೇಳಿದರು. "ಅಲ್ಲಮ್ಮಾ, ರೂಮಿಗೆ ಎರಡು ಸಾವಿರದ ನೂರಾ ತೊಂಬತ್ತೊಂಬತ್ತು ಅಂದಿದ್ದೆಯಲ್ಲ? ಒಟ್ಟು ಎಷ್ಟಾಯ್ತು?"

ನಾನು ಸಂಖ್ಯೆ ಹೇಳಲಿಲ್ಲ. ನಿಮ್ಮ ಕಾಫಿಗೆ ಸಕ್ಕರೆ ಹಾಕಿಬಿಟ್ಟರಾ ಅಂತ ಮಾತು ತಿರುಗಿಸಿದೆ. ಮಾವ ಕೆಇಬಿಗೆ ಮೀಟರ್ ರೀಡರ್ ಆಗಿ ಸೇರಿ ಬಿಲ್ಲಿಂಗ್ ಸೆಕ್ಷನ್ನಿನಲ್ಲಿ ರಿಟೈರ್ ಆದವರು. ಒಮ್ಮೆ ಕಿವಿಗೆ ಬಿದ್ದ ಸಂಖ್ಯೆ ಅವರಿಗೆ ಮರೆಯುವುದಿಲ್ಲ. ಅರಸೀಕೆರೆ ಬರುವಷ್ಟರಲ್ಲಿ ಇನ್ನೊಂದು ಸಲ ಕೇಳಿದರು. ಮನೆಗೆ ಹೋಗಿ ಲೆಕ್ಕ ಮಾಡಿ ಹೇಳ್ತೀನಿ ಮಾವ, ಅಂದೆ.

ನಾಚಿಕೆಯ ವಿಷಯ ಏನಂದ್ರೆ, ನನ್ನ ಹೊಟ್ಟೆಪಾಡಿನ ಕೆಲಸವೇ ಇದು. ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ಅಕೌಂಟೆಂಟ್ ಆಗಿದ್ದೇನೆ. ತಿಂಗಳ 11ನೇ ತಾರೀಖು ಜಿಎಸ್‌ಟಿಆರ್-1, 20ಕ್ಕೆ 3ಬಿ, ಎರಡೂ ಗಿರಾಕಿಗಳ ಪರವಾಗಿ ಸಲ್ಲಿಸುವ ಜಿಎಸ್‌ಟಿ ರಿಟರ್ನ್‌ಗಳು. ನಮ್ಮ ಗಿರಾಕಿಗಳಲ್ಲಿ ಮೂರು ಲಾಡ್ಜ್ ಇವೆ. ರೂಮಿನ ಬಾಡಿಗೆಗೆ ಎಷ್ಟು ಟ್ಯಾಕ್ಸ್ ಅಂತ ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತೇನೆ. ಅಂಥವಳು ಮನೆಮಂದಿಯ ಎದುರಿಗೆ 8,796 ಅಂತ ಹೇಳಿ ಸುಮಾರು ಹದಿಮೂರು ಸಾವಿರ ಖರ್ಚು ಮಾಡಿಸಿ ಬಂದಿದ್ದೆ.

ಆಗಿದ್ದು ಹೀಗೆ. ಕಳೆದ ಡಿಸೆಂಬರಿನ ಎರಡನೇ ಶನಿವಾರಕ್ಕೆ ಮಡಿಕೇರಿ ಅಂತ ತೀರ್ಮಾನವಾಗಿತ್ತು. ನಾವಿಬ್ಬರು, ಅತ್ತೆ ಮಾವ, ಹನ್ನೊಂದು ವರ್ಷದ ಮಗಳು, ಆರು ವರ್ಷದ ಮಗ. ರಾತ್ರಿ ಊಟ ಮುಗಿಸಿ ಎಲ್ಲರೂ ಟಿವಿ ಮುಂದೆ ಕೂತಿದ್ದಾಗ ನಾನು ಫೋನಿನಲ್ಲಿ ರೂಮು ಹುಡುಕುತ್ತಿದ್ದೆ. ಆ್ಯಪಿನ ಹೆಸರು ಬೇಡ. ನಿಮ್ಮ ಫೋನಿನಲ್ಲೂ ಇರುತ್ತದೆ. 3,499ಕ್ಕೆ ಗೀಟು ಹಾಕಿ ಅದರ ಕೆಳಗೆ ದಪ್ಪ ಅಕ್ಷರದಲ್ಲಿ 2,199 ಅಂತಿತ್ತು. ಪಕ್ಕದಲ್ಲಿ ಬೂದು ಬಣ್ಣದ ಇರುವೆ ಸಾಲಿನಂಥ ಅಕ್ಷರದಲ್ಲಿ 'ಟ್ಯಾಕ್ಸಸ್ ಅಂಡ್ ಫೀಸ್ 486 ಪ್ರತ್ಯೇಕ'. ಅದು ಕಣ್ಣಿಗೆ ಬಿತ್ತು. ಆದರೆ ತಲೆಗೆ ಹೋಗಲಿಲ್ಲ. ಎರಡು ರೂಮು, ಎರಡು ರಾತ್ರಿ, ನಾಲ್ಕು ಸಲ 2,199. "ರೂಮಿಗೆ 2,199, ಒಟ್ಟು 8,796, ಒಂಬತ್ತು ಸಾವಿರದ ಒಳಗೇ ಆಗುತ್ತೆ ಮಾವ" ಅಂತ ಕೂತಲ್ಲಿಂದಲೇ ಕೂಗಿಬಿಟ್ಟೆ.

ಮುಂದಿನ ಪುಟಕ್ಕೆ ಹೋದರೆ ಮೊತ್ತ 11,344. ಏನಪ್ಪಾ ಇದು ಅಂತ ಬೆರಳಿನಿಂದ ಎಳೆಯುತ್ತಾ ಹೋದೆ. ಎರಡು ಚೌಕಗಳಿಗೆ ಆಗಲೇ ಟಿಕ್ ಬಿದ್ದಿತ್ತು. ಒಂದು, ತಲೆಗೆ 99ರಂತೆ ಆರು ಜನಕ್ಕೆ ಪ್ರಯಾಣದ ಇನ್ಶೂರೆನ್ಸ್, 594 ರೂಪಾಯಿ. ಇನ್ನೊಂದು, 10 ರೂಪಾಯಿ ದಾನ. ನನ್ನ ದಾನವನ್ನು ನನಗಿಂತ ಮೊದಲು ಅವರೇ ಮಾಡಿಬಿಟ್ಟಿದ್ದರು! ಇನ್ಶೂರೆನ್ಸಿನ ಟಿಕ್ ತೆಗೆಯಲು ಹೋದರೆ ಆ್ಯಪ್ ಸುಮ್ನೆ ಬಿಡಲಿಲ್ಲ. ನಿಮ್ಮ ಕುಟುಂಬಕ್ಕೆ ರಕ್ಷಣೆ ಬೇಡವೇ ಅಂತ ಕೇಳಿತು. ಉತ್ತರ ಕೊಡುವ ಬಟನ್ ಮೇಲೆ ಏನಿತ್ತು ಗೊತ್ತಾ? 'ಬೇಡ, ನಾನು ರಿಸ್ಕ್ ತಗೊಳ್ತೀನಿ' ಅನ್ನುವ ಅರ್ಥದ ಇಂಗ್ಲಿಷ್. ಪಕ್ಕದಲ್ಲೇ ಅತ್ತೆ ಕೂತಿದ್ದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಸದ್ಯ.

ಅಷ್ಟರಲ್ಲಿ ಮೇಲ್ಗಡೆ ಕೆಂಪು ಅಕ್ಷರ ಮಿಟುಕತೊಡಗಿತು. ಈ ಬೆಲೆಗೆ ಇನ್ನು ಒಂದೇ ರೂಮು ಉಳಿದಿದೆಯಂತೆ. ನಾನು ಬುಕ್ ಮಾಡುತ್ತಿದ್ದದ್ದು ಎರಡು ರೂಮು! ಆದರೂ ಗಾಬರಿಯಾಯಿತು ಅನ್ನುವುದನ್ನು ಒಪ್ಪಿಕೊಳ್ಳಬೇಕು. ಎರಡೂ ಟಿಕ್ ತೆಗೆದು ಬೇಗ ಬೇಗ ಒತ್ತಿದೆ. ಹಣ ಕಟ್ಟುವ ಕೊನೆಯ ಪುಟದಲ್ಲಿ 'ಕನ್ವೀನಿಯನ್ಸ್ ಫೀ' ಅಂತ 199 ಸೇರಿತು. ಯಾರ ಅನುಕೂಲಕ್ಕೆ ಅಂತ ಬರೆದಿರಲಿಲ್ಲ. ಒಟ್ಟು 10,939. ಯುಪಿಐ ಪಿನ್ ಒತ್ತಿದೆ.

ಮಡಿಕೇರಿ ಚೆನ್ನಾಗಿತ್ತು. ರಾಜಾ ಸೀಟಿನಲ್ಲಿ ಮಂಜು, ಅಬ್ಬಿ ಫಾಲ್ಸಿನಲ್ಲಿ ಜನ. ಅದರ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ನಾನು ರಿಸೆಪ್ಶನ್ನಿಗೆ ಬರುತ್ತೇನೆ.

ಕೌಂಟರಿನಲ್ಲಿದ್ದ ಹುಡುಗ ಆಧಾರ್ ಕಾರ್ಡುಗಳನ್ನು ನೋಡಿ, ಮಗಳ ಮುಖ ನೋಡಿ, "ಪಾಪುಗೆ ಎಷ್ಟು ವರ್ಷ ಮೇಡಂ?" ಅಂದ. ಹನ್ನೊಂದು ಅಂದೆ. ಎಂಟು ದಾಟಿದರೆ ಎಕ್ಸ್‌ಟ್ರಾ ಪರ್ಸನ್ನಂತೆ. ರಾತ್ರಿಗೆ 600, ಮೇಲೆ ಟ್ಯಾಕ್ಸು. ಆ್ಯಪಿನಲ್ಲಿ ಮಕ್ಕಳ ವಯಸ್ಸು ಕೇಳಿದಾಗ ನಾನು ಸರಿಯಾಗೇ ಹಾಕಿದ್ದೆ. ಅದನ್ನೇ ತೋರಿಸಿದೆ. ಅವನು ನನ್ನದೇ ಫೋನು ತೆಗೆದುಕೊಂಡು ಕೆಳಗೆ ಕೆಳಗೆ ಎಳೆದು, 'ಪ್ರಾಪರ್ಟಿ ರೂಲ್ಸ್' ಅನ್ನುವುದರೊಳಗೆ ಇನ್ನೊಂದು ಬಾಣದ ಗುರುತು ಒತ್ತಿ, ಅಲ್ಲಿರುವ ಸಾಲು ತೋರಿಸಿದ. ಇತ್ತು. ಎರಡು ರಾತ್ರಿಗೆ 1,260. ಅದಕ್ಕೆ ಸಿಕ್ಕಿದ್ದು ಒಂದು ಹಾಸಿಗೆ, ಒಂದು ದಿಂಬು. ಹೊದಿಕೆಗೆ ಎರಡು ಸಲ ಫೋನು ಮಾಡಬೇಕಾಯಿತು.

ಸಂಜೆ ಕ್ಯಾಂಪ್‌ಫೈರ್. ಆ್ಯಪಿನ ಫೋಟೋಗಳಲ್ಲಿ ಮೂರನೆಯದ್ದೇ ಅದು. ಮಕ್ಕಳು ಅದನ್ನು ನೋಡಿಯೇ ಈ ಜಾಗ ಆರಿಸಿದ್ದರು. ನಾಲ್ಕು ಸೌದೆ, ಒಂದಿಷ್ಟು ಸೀಮೆಎಣ್ಣೆ, 750 ರೂಪಾಯಿ. ಬಿಲ್ ಕೊಡಿ ಅಂದೆ. ಬೆಂಕಿ ಹಚ್ಚಲು ಬಂದವನು ನಕ್ಕ. ಅತ್ತೆ ಶಾಲು ಹೊದ್ದು ಕೈ ಕಾಯಿಸುತ್ತಾ, "ಚಳಿ ಕಾಯಿಸೋಕೂ ದುಡ್ಡಾ? ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೇ" ಅಂದರು.

ರಾತ್ರಿ ಅಲ್ಲೇ ರೆಸ್ಟೋರೆಂಟಿನಲ್ಲಿ ಊಟ. ಊಟದ್ದು 2,140. ಅದರ ಕೆಳಗೆ ಸರ್ವಿಸ್ ಚಾರ್ಜ್ ಶೇ 10, ಅಂದರೆ 214. ಈ ಎರಡೂ ಸೇರಿದ ಮೊತ್ತದ ಮೇಲೆ ಶೇ 5 ಜಿಎಸ್‌ಟಿ. ಅಂದರೆ ಸರ್ವಿಸ್ ಚಾರ್ಜಿಗೂ ಟ್ಯಾಕ್ಸು. ಇಲ್ಲಿ ಮಾತ್ರ ನಾನು ಎದ್ದು ಹೋಗಿ ಮಾತಾಡಿದೆ. ಸರ್ವಿಸ್ ಚಾರ್ಜ್ ಟ್ಯಾಕ್ಸ್ ಅಲ್ಲ, ಅದು ಮಾಲೀಕರು ಹಾಕಿಕೊಳ್ಳುವುದು. ಅದನ್ನು ಗಿರಾಕಿಯನ್ನು ಕೇಳದೆ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ಹೋಟೆಲಿನವರ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಆ ಸೂಚನೆಯನ್ನು ಎತ್ತಿಹಿಡಿಯಿತು. ಇಷ್ಟೆಲ್ಲ ಹೇಳುವ ಹುಮ್ಮಸ್ಸಿನಲ್ಲಿ ಹೋದರೆ, ಕ್ಯಾಶಿಯರ್ ನನ್ನ ಮೊದಲ ವಾಕ್ಯಕ್ಕೇ "ತೆಗೀತೀನಿ ಮೇಡಂ" ಅಂದುಬಿಟ್ಟ. ಹೊಸ ಬಿಲ್ 2,247. ಸುಮಾರು 225 ಉಳಿಯಿತು. ಅವನು ಅಷ್ಟು ಬೇಗ ಒಪ್ಪಿದ್ದು ನೋಡಿದರೆ, ಕೇಳಿದವರಿಗೆ ತೆಗೆಯುವುದು, ಕೇಳದವರಿಗೆ ಬಿಡುವುದು ಅವರ ದಿನದ ರೂಢಿ ಅನ್ನಿಸಿತು.

ಮನೆಗೆ ಬಂದ ಮಾರನೇ ದಿನ ಆಫೀಸಿನಿಂದ ಒಂದು ಗಂಟೆ ಬೇಗ ಬಂದು ಮಾವನ ಪ್ರಶ್ನೆಗೆ ಕೂತೆ. ಹೋಟೆಲಿನ ಬಿಲ್ ಇತ್ತು. ಆ್ಯಪಿನಿಂದ ಅವರ ಫೀಸಿನ ಇನ್‌ವಾಯ್ಸ್ ಇಳಿಸಿಕೊಂಡೆ. ಬೇರೆಯವರ ಬಿಲ್ಲನ್ನು ಹೇಗೆ ಬಿಡಿಸುತ್ತೇನೋ ಹಾಗೇ ಬಿಡಿಸಿದೆ.

ಆ 486 ಇತ್ತಲ್ಲ, ಟ್ಯಾಕ್ಸಸ್ ಅಂಡ್ ಫೀಸ್? 7,500ರವರೆಗಿನ ರೂಮಿಗೆ ಈಗ ಜಿಎಸ್‌ಟಿ ಶೇ 5. 2,199ಕ್ಕೆ ಲೆಕ್ಕ ಹಾಕಿದರೆ 110 ರೂಪಾಯಿ. ಆದರೆ ಹೋಟೆಲಿನ ಬಿಲ್ಲಿನಲ್ಲಿ ರೂಮಿನ ದರ 2,800 ಅಂತಿತ್ತು, ಟ್ಯಾಕ್ಸು 140. ಇದು ತಪ್ಪಲ್ಲ. ಹೋಟೆಲಿನವರು ರೂಮು ಮಾರಿದ್ದು 2,800ಕ್ಕೆ. 601 ರೂಪಾಯಿ ಕಡಿಮೆ ಮಾಡಿದ್ದು ಆ್ಯಪಿನವರು, ತಮ್ಮ ಕೈಯಿಂದ. ಮಾರಿದವನೇ ಕೊಟ್ಟ ರಿಯಾಯಿತಿಯಾದರೆ ಟ್ಯಾಕ್ಸು ಕಡಿಮೆಯಾಗುತ್ತದೆ, ಮೂರನೆಯವರು ಕೊಟ್ಟರೆ ಆಗುವುದಿಲ್ಲ. ಸರಿ, 140. ಉಳಿದ 346 ಏನು? ಆ್ಯಪಿನ ಸರ್ವಿಸ್ ಫೀ 293, ಅದಕ್ಕೆ ಶೇ 18 ಜಿಎಸ್‌ಟಿ 53. ಅಂದರೆ ಒಂದು ಕೈಯಲ್ಲಿ 601 ಕೊಟ್ಟು ಇನ್ನೊಂದು ಕೈಯಲ್ಲಿ 293 ವಾಪಸ್ ತಗೊಂಡಿದ್ದರು. ಕೊಟ್ಟದ್ದು ದಪ್ಪ ಅಕ್ಷರದಲ್ಲಿ, ತಗೊಂಡದ್ದು ಬೂದು ಅಕ್ಷರದಲ್ಲಿ.

ನಾಲ್ಕು ರೂಮು-ರಾತ್ರಿಗಳಿಗೆ ಗುಣಿಸಿ, ಕೊನೆಯ 199 ಸೇರಿಸಿ ನೋಡಿದರೆ, ನಾನು ಮಾವನಿಗೆ ಹೇಳಿದ್ದಕ್ಕಿಂತ ಆ್ಯಪಿನಲ್ಲೇ 2,143 ಜಾಸ್ತಿ ಕೊಟ್ಟಿದ್ದೆ. ಅದರಲ್ಲಿ ಸರ್ಕಾರಕ್ಕೆ ಹೋಗಿದ್ದು ಎಲ್ಲ ಸೇರಿ ಸುಮಾರು 800. ಉಳಿದ 1,340 ಚಿಲ್ಲರೆ ಆ್ಯಪಿಗೆ.

ನನಗೆ ಸಿಟ್ಟು ಬಂದದ್ದು ಇಲ್ಲಿ. ಫೀಸ್ ತಗೊಂಡರು ಅಂತಲ್ಲ. ಆ್ಯಪ್ ನಡೆಸುವುದು ಧರ್ಮಕ್ಕಲ್ಲ, ತಗೊಳ್ಳಲಿ. ಆದರೆ ತಮ್ಮ ಫೀಸನ್ನು ಟ್ಯಾಕ್ಸಿನ ಜೊತೆ ಒಂದೇ ಚೀಲಕ್ಕೆ ಹಾಕಿ ಬಾಯಿ ಕಟ್ಟುತ್ತಾರೆ. ನೋಡಿದವರು "ಅಯ್ಯೋ, ಜಿಎಸ್‌ಟಿ ನೋಡ್ರಿ ಎಷ್ಟು ಹಾಕ್ತಾರೆ" ಅಂತ ಸರ್ಕಾರವನ್ನು ಬೈದುಕೊಂಡು ಪಿನ್ ಒತ್ತುತ್ತಾರೆ. ಟ್ಯಾಕ್ಸನ್ನು ಚೌಕಾಸಿ ಮಾಡಲು ಆಗುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆದ್ದರಿಂದ ಅದರ ಬೆನ್ನ ಹಿಂದೆ ನಿಂತದ್ದನ್ನೂ ಯಾರೂ ಚೌಕಾಸಿ ಮಾಡುವುದಿಲ್ಲ. ನಮ್ಮ ಮನೆಯವರು ಕಾರಿನಲ್ಲಿ ಹೇಳಿದ್ದೂ ಅದೇ, "ಟ್ಯಾಕ್ಸ್ ಅಲ್ವಾ, ಏನ್ ಮಾಡೋಕಾಗುತ್ತೆ".

ಸರ್ಕಾರವೇನು ಸಾಚಾ ಅಂತ ನಾನು ಹೇಳುತ್ತಿಲ್ಲ. ರೂಮಿನ ಟ್ಯಾಕ್ಸು 2017ರಿಂದ ಎಷ್ಟು ಸಲ ಬದಲಾಯಿತು ಅಂತ ನಮ್ಮ ಗಿರಾಕಿ ಯಜಮಾನರೊಬ್ಬರನ್ನು ಕೇಳಬೇಕು. ಬಸ್‌ಸ್ಟ್ಯಾಂಡ್ ಹತ್ತಿರ ಅವರದೊಂದು ಹಳೆಯ ಲಾಡ್ಜ್. ರೂಮು 900 ರೂಪಾಯಿ. ಜಿಎಸ್‌ಟಿ ಬಂದಾಗ ಸಾವಿರದ ಒಳಗಿನ ರೂಮಿಗೆ ಟ್ಯಾಕ್ಸೇ ಇರಲಿಲ್ಲ. 2022ರ ಜುಲೈ 18ರಿಂದ ಆ ವಿನಾಯಿತಿ ಹೋಯಿತು, ಶೇ 12 ಬಂತು. ಅವರು ಬೋರ್ಡಿಗೆ 'ಟ್ಯಾಕ್ಸ್ ಎಕ್ಸ್‌ಟ್ರಾ' ಅಂತ ಸೇರಿಸಿದರು. 2025ರ ಸೆಪ್ಟೆಂಬರ್ 22ಕ್ಕೆ, ನವರಾತ್ರಿಯ ಮೊದಲ ದಿನ, ಶೇ 5ಕ್ಕೆ ಇಳಿಯಿತು. ಅವತ್ತು ಯಜಮಾನರು ಆಫೀಸಿಗೆ ಪೇಡೆ ಡಬ್ಬಿ ತಂದಿದ್ದರು.

ಪೇಡೆ ತಿಂದ ಮೇಲೆ ನಾನೇ ಹೇಳಬೇಕಾಯಿತು. "ಯಜಮಾನ್ರೇ, ಶೇ 5 ಮಾಡಿದ್ದಾರೆ, ಆದರೆ ಇನ್‌ಪುಟ್ ಕ್ರೆಡಿಟ್ ಕಿತ್ತುಕೊಂಡಿದ್ದಾರೆ." ಅವರು ಆ್ಯಪಿಗೆ ಕೊಡುವ ಕಮಿಷನ್ ಶೇ 20. 900ರ ರೂಮಿಗೆ 180, ಅದರ ಮೇಲೆ ಶೇ 18 ಜಿಎಸ್‌ಟಿ 32 ರೂಪಾಯಿ 40 ಪೈಸೆ. ಮೊದಲು ಆ 32 ರೂಪಾಯಿಯನ್ನು ತಾವು ಕಟ್ಟುವ ಟ್ಯಾಕ್ಸಿನಲ್ಲಿ ಮುರಿದುಕೊಳ್ಳುತ್ತಿದ್ದರು. ಈಗ ಅದು ಕೈಬಿಟ್ಟ ದುಡ್ಡು. ಪೇಂಟು, ಫ್ಯಾನು, ಹಾಸಿಗೆ, ಎಲ್ಲದರದ್ದೂ ಅದೇ ಕಥೆ. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಐವತ್ತು ಏರಿಸ್ತೀನಿ ಬಿಡಮ್ಮ" ಅಂದರು. ಮೊದಲು 900ಕ್ಕೆ ಶೇ 12 ಸೇರಿ ಗಿರಾಕಿ ಕೊಡುತ್ತಿದ್ದದ್ದು 1,008. ಈಗ 950ಕ್ಕೆ ಶೇ 5 ಸೇರಿ 997 ರೂಪಾಯಿ 50 ಪೈಸೆ. ಟ್ಯಾಕ್ಸು ಶೇ 7ರಷ್ಟು ಇಳಿದದ್ದಕ್ಕೆ ಗಿರಾಕಿಯ ಜೇಬಿನಲ್ಲಿ ಉಳಿದದ್ದು ಹತ್ತೂವರೆ ರೂಪಾಯಿ. ಯಜಮಾನರನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಇನ್ನೊಂದು ವಿಚಿತ್ರ ಇದೆ. ಮಲೆನಾಡಿನ ಕಡೆ ಮನೆಯ ಎರಡು ರೂಮು ಬಿಟ್ಟುಕೊಡುವ ಹೋಂಸ್ಟೇಗಳಿವೆ ನೋಡಿ, ವರ್ಷದ ವಹಿವಾಟು 20 ಲಕ್ಷದ ಒಳಗಿದ್ದರೆ ಅವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಅವರಿಗೇ ಫೋನು ಮಾಡಿ ಹೋದರೆ ಟ್ಯಾಕ್ಸಿಲ್ಲ. ಅದೇ ಮನೆ, ಅದೇ ಕಡುಬು, ಅದೇ ಕೋಳಿಸಾರು. ಆ್ಯಪಿನಲ್ಲಿ ಬುಕ್ ಮಾಡಿದರೆ ಟ್ಯಾಕ್ಸಿದೆ, ಯಾಕಂದ್ರೆ ನೋಂದಣಿ ಇಲ್ಲದವರ ಪರವಾಗಿ ಆ್ಯಪಿನವರೇ ಜಿಎಸ್‌ಟಿ ಕಟ್ಟಬೇಕು ಅಂತ ಕಾನೂನಿದೆ.

7,500ರ ಗೆರೆಯ ಕಥೆಯಂತೂ ಇನ್ನೂ ಮಜಾ. ಅಲ್ಲಿಯವರೆಗೆ ಶೇ 5, ಒಂದು ರೂಪಾಯಿ ದಾಟಿದರೆ ಪೂರ್ತಿ ಮೊತ್ತಕ್ಕೆ ಶೇ 18. 7,500ರ ರೂಮು ಟ್ಯಾಕ್ಸ್ ಸೇರಿ 7,875. 7,501ರ ರೂಮು 8,851. ಒಂದು ರೂಪಾಯಿಗೆ 976 ರೂಪಾಯಿಯ ಹೊಡೆತ. ನಮ್ಮ ಆಫೀಸಿನ ಹುಡುಗಿ ಮದುವೆ ವಾರ್ಷಿಕೋತ್ಸವಕ್ಕೆ ಚಿಕ್ಕಮಗಳೂರಿನಲ್ಲಿ ರೆಸಾರ್ಟ್ ನೋಡುತ್ತಿದ್ದಳು. ತಿಂಡಿ ಸೇರಿ 7,600. ಟ್ಯಾಕ್ಸ್ ಹಾಕಿದರೆ 8,968. ತಿಂಡಿ ಬಿಟ್ಟು ನೋಡು ಅಂದೆ. ರೂಮು ಮಾತ್ರ 7,100, ಟ್ಯಾಕ್ಸ್ ಸೇರಿ 7,455. ಒಂದೂವರೆ ಸಾವಿರ ಉಳಿಯಿತು. ತಿಂಡಿಯನ್ನು ಊರೊಳಗೆ ತಿಂದರಂತೆ, ಇಬ್ಬರಿಗೂ ಸೇರಿ 180 ರೂಪಾಯಿ. ಬರುವಾಗ ನನಗೆ ಕಾಲು ಕೆಜಿ ಕಾಫಿಪುಡಿ ತಂದುಕೊಟ್ಟಳು. ನನ್ನ ವೃತ್ತಿಜೀವನದಲ್ಲಿ ಸಿಕ್ಕ ಅತ್ಯಂತ ಸುವಾಸನೆಯ ಫೀಸ್ ಅದು.

ಆ ಕಾಫಿಪುಡಿ ಪೊಟ್ಟಣದ ಹಿಂದೆ ದರ ಅಚ್ಚಾಗಿತ್ತು, ಎಲ್ಲ ತೆರಿಗೆ ಸೇರಿ. ಹತ್ತು ರೂಪಾಯಿಯ ಬಿಸ್ಕತ್ತಿಗೂ ಹಾಗೇ. ಬಿಸ್ಕತ್ತಿನ ಅಂಗಡಿಯವನು "ಹತ್ತು ರೂಪಾಯಿ, ಟ್ಯಾಕ್ಸ್ ಬೇರೆ, ಪೊಟ್ಟಣ ಎತ್ತಿಕೊಟ್ಟಿದ್ದಕ್ಕೆ ಬೇರೆ" ಅಂದರೆ ನಾವು ಬಿಡುತ್ತೇವಾ? ಹತ್ತು ಸಾವಿರದ ರೂಮಿಗೆ ಮಾತ್ರ ಬಿಡುತ್ತೇವೆ.

ಇದು ನಮ್ಮ ದೇಶದ್ದೇ ರೋಗ ಅಂದುಕೊಳ್ಳಬೇಡಿ. ನನ್ನ ತಂಗಿ ಶಾರ್ಜಾದಲ್ಲಿದ್ದಾಳೆ. 2024ರ ಜನವರಿಯಲ್ಲಿ ಹೋದಾಗ ಅವಳ ಮನೆ ಚಿಕ್ಕದು ಅಂತ ನಾಲ್ಕು ರಾತ್ರಿ ದುಬೈನ ದೇರಾದಲ್ಲಿ ಒಂದು ಮೂರು ಸ್ಟಾರಿನ ಹೋಟೆಲಿನಲ್ಲಿ ಉಳಿದಿದ್ದೆವು. ಎಲ್ಲ ಹಣ ಇಲ್ಲಿಂದಲೇ ಕಟ್ಟಿಯಾಗಿತ್ತು, ಸುಮಾರು 24 ಸಾವಿರ. ಅಲ್ಲಿ ಕೌಂಟರಿನಲ್ಲಿ ಮತ್ತೆ 40 ದಿರ್ಹಮ್ ಕೇಳಿದರು. ಆಗಿನ ಲೆಕ್ಕದಲ್ಲಿ 900 ರೂಪಾಯಿ. ನಾನು ರಶೀದಿ ತೋರಿಸಿ ವಾದಕ್ಕೆ ನಿಂತೆ. ತಂಗಿ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದಳು. "ಅಕ್ಕಾ, ಸುಮ್ನಿರೇ, ಅದು ಟೂರಿಸಂ ದಿರ್ಹಮ್. ಎಲ್ಲರೂ ಕೊಡಬೇಕು."

ದುಬೈಯಲ್ಲಿ ಅದು 2014ರಿಂದ ಇದೆ. ಒಂದು ರೂಮಿಗೆ ಒಂದು ರಾತ್ರಿಗೆ ಹೋಟೆಲಿನ ದರ್ಜೆ ನೋಡಿ 7ರಿಂದ 20 ದಿರ್ಹಮ್. ಮೂರು ಸ್ಟಾರಿಗೆ 10. ಇದಲ್ಲದೆ ಬಾಡಿಗೆಯೊಳಗೇ ಮುನ್ಸಿಪಾಲಿಟಿ ಫೀ, ಸರ್ವಿಸ್ ಚಾರ್ಜು, 2018ರಿಂದ ಶೇ 5 ವ್ಯಾಟು. ನನ್ನ ಬುಕಿಂಗ್ ಮೇಲ್ ತೆಗೆದು ನೋಡಿದರೆ, ಕಟ್ಟಕಡೆಯಲ್ಲಿ 'ಸ್ಥಳೀಯ ಶುಲ್ಕವನ್ನು ಹೋಟೆಲಿನಲ್ಲಿ ಕಟ್ಟಬೇಕಾಗಬಹುದು' ಅಂತಿತ್ತು. ಎಷ್ಟು ಅಂತ ಇರಲಿಲ್ಲ. ಸರ್ಕಾರವೇ ನಿಗದಿ ಮಾಡಿ ಹತ್ತು ವರ್ಷವಾದ ಸಂಖ್ಯೆಗೆ 'ಆಗಬಹುದು' ಅಂತ ಯಾಕೆ? ಊರಿಗೆ ಬಂದ ಮೇಲೆ ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್ ಬಂತು. ಹಣ ಬೇರೆ ದೇಶದ ಕರೆನ್ಸಿಯಲ್ಲಿ ಹೋಗಿತ್ತು. ಅದಕ್ಕೆ ಬ್ಯಾಂಕಿನ ಮಾರ್ಕ್‌ಅಪ್ ಶೇ 3.5, ಅಂದರೆ 840, ಅದರ ಮೇಲೆ ಜಿಎಸ್‌ಟಿ 151. ಹೋಗಿಬಂದ ಸಂತೋಷವೆಲ್ಲ ಇಳಿದ ಮೇಲೆ ಬರುವ ಫೀಸ್ ಇದು.

ಅಣ್ಣನ ಮಗ ಅಮೆರಿಕದ ಫೀನಿಕ್ಸಿನಲ್ಲಿದ್ದಾನೆ. ಅವನು ಲಾಸ್ ವೇಗಸ್ಸಿಗೆ ಹೋದಾಗ ರಾತ್ರಿಗೆ 45 ಡಾಲರ್ 'ರೆಸಾರ್ಟ್ ಫೀ' ಕೊಟ್ಟನಂತೆ. ಈಜುಕೊಳಕ್ಕೆ, ವೈಫೈಗೆ. "ಅತ್ತೆ, ನಾನು ನೀರಿಗೇ ಇಳಿಯಲಿಲ್ಲ" ಅಂತ ಅಳುತ್ತಿದ್ದ. ಅಲ್ಲಿ ಇಂಥ ಫೀಸುಗಳ ಮೇಲೆ ಜನ ಎಷ್ಟು ರೋಸಿಹೋದರು ಅಂದ್ರೆ, ಫೆಡರಲ್ ಟ್ರೇಡ್ ಕಮಿಷನ್ ನಿಯಮ ತಂದು, 2025ರ ಮೇ 12ರಿಂದ ಹೋಟೆಲಿನವರು ಕಡ್ಡಾಯ ಫೀಸನ್ನೆಲ್ಲ ಸೇರಿಸಿಯೇ ಮೊದಲ ಬೆಲೆ ತೋರಿಸಬೇಕು ಅಂತ ಮಾಡಿದೆ. ಸರ್ಕಾರದ ಟ್ಯಾಕ್ಸನ್ನು ಬೇರೆ ತೋರಿಸಬಹುದು, ತಮ್ಮ ಫೀಸನ್ನು ಬಚ್ಚಿಡುವಂತಿಲ್ಲ. ನನ್ನ ಚೀಲದ ದೂರಿಗೆ ಇದೇ ಮದ್ದು.

ನಮ್ಮಲ್ಲೂ ನಿಯಮ ಇಲ್ಲ ಅಂತಲ್ಲ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 'ಡಾರ್ಕ್ ಪ್ಯಾಟರ್ನ್'ಗಳ ಮೇಲೆ ಮಾರ್ಗಸೂಚಿ ಹೊರಡಿಸಿತು. ಗಿರಾಕಿಯನ್ನು ಯಾಮಾರಿಸುವ 13 ಬಗೆಗಳನ್ನು ಪಟ್ಟಿ ಮಾಡಿದೆ. ಒಂದು ಸಂಜೆ ಅದನ್ನು ಓದುತ್ತಾ ಕೂತೆ. ಬೆಲೆಯನ್ನು ಹನಿ ಹನಿಯಾಗಿ ತೊಟ್ಟಿಕ್ಕಿಸುವುದು ಡ್ರಿಪ್ ಪ್ರೈಸಿಂಗ್. ಕೇಳದೇ ಇನ್ಶೂರೆನ್ಸನ್ನೋ ದಾನವನ್ನೋ ಬುಟ್ಟಿಗೆ ಹಾಕುವುದು ಬಾಸ್ಕೆಟ್ ಸ್ನೀಕಿಂಗ್. ಬೇಡ ಅಂದವರಿಗೆ ನಾಚಿಕೆಯಾಗುವಂತೆ ಮಾಡುವುದು ಕನ್ಫರ್ಮ್ ಶೇಮಿಂಗ್. ಒಂದೇ ರೂಮು ಉಳಿದಿದೆ ಅಂತ ಸುಳ್ಳು ಆತುರ ಹುಟ್ಟಿಸುವುದು ಫಾಲ್ಸ್ ಅರ್ಜೆನ್ಸಿ. ಒಂದೇ ಬುಕಿಂಗಿನಲ್ಲಿ, ಹತ್ತು ನಿಮಿಷದಲ್ಲಿ, ನಾಲ್ಕರದ್ದೂ ದರ್ಶನ ಆಗಿತ್ತು ನನಗೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿದರೆ ದೂರು ತಗೊಳ್ಳುತ್ತಾರೆ ಅಂತಲೂ ಗೊತ್ತು. ಮಾಡಲಿಲ್ಲ. ಅವತ್ತು 19ನೇ ತಾರೀಖು. ಆಫೀಸಿನಲ್ಲಿ 3ಬಿ ರಾಶಿ ಬಿದ್ದಿತ್ತು. ನನ್ನಂಥವರು ಹೀಗೇ ಬಿಟ್ಟುಬಿಡುತ್ತಾರೆ ಅನ್ನುವುದೂ ಅವರ ಲೆಕ್ಕದಲ್ಲಿ ಒಂದು ಸಾಲು ಇರಬೇಕು.

ಹಾಗಂತ ಆ್ಯಪ್ ತೆಗೆದುಹಾಕಿಲ್ಲ. ಹೊಸಪೇಟೆಯಲ್ಲಿ ಒಮ್ಮೆ ಲಾಡ್ಜಿಗೇ ಫೋನು ಮಾಡಿದ್ದೆ. ಆ್ಯಪಿಗಿಂತ 300 ಜಾಸ್ತಿ ಹೇಳಿದರು. ಬ್ಯಾಂಕ್ ಕಾರ್ಡಿನ ರಿಯಾಯಿತಿ ಇದ್ದಾಗ ಆ್ಯಪೇ ಅಗ್ಗ. ಗೂಗಲ್ಲಿನಲ್ಲಿ ಸಿಕ್ಕ ನಂಬರಿಗೆಲ್ಲ ಅಡ್ವಾನ್ಸ್ ಹಾಕುವುದೂ ಅಪಾಯ. ಹೋಟೆಲಿನ ಹೆಸರಿನಲ್ಲಿ ನಕಲಿ ನಂಬರು ಇಟ್ಟು ದುಡ್ಡು ಹೊಡೆಯುವವರಿದ್ದಾರೆ. ಹಾಗಾಗಿ ಈಗ ನಾನು ಮಾಡುವುದಿಷ್ಟು. ಆ್ಯಪಿನಲ್ಲಿ ಕೊನೆಯ ಪುಟದವರೆಗೆ ಹೋಗುತ್ತೇನೆ, ಪಿನ್ ಒತ್ತುವ ಮೊದಲಿನ ಮೊತ್ತವನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ, ವಾಪಸ್ ಬರುತ್ತೇನೆ. ಆಮೇಲೆ ಲಾಡ್ಜಿಗೆ ಫೋನು. ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಸಂಖ್ಯೆ ಹೇಳುವುದಿಲ್ಲ.

ಮಾವನಿಗೆ ಹೇಳಲೇಬೇಕಿತ್ತಲ್ಲ. ಲೆಕ್ಕದ ಹಾಳೆ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂತೆ. ಆ್ಯಪಿನಲ್ಲಿ 10,939, ಹಾಸಿಗೆಗೆ 1,260, ಬೆಂಕಿಗೆ 750. ಒಟ್ಟು 12,949. ಮಾವ ಕನ್ನಡಕ ಹಾಕಿಕೊಂಡು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದರು. ಬೈಯುತ್ತಾರೆ ಅಂದುಕೊಂಡಿದ್ದೆ.

"ಫಿಕ್ಸೆಡ್ ಚಾರ್ಜ್ ಯಾಕೆ ಹಾಕಿದೀರಿ ಅಂತ ಮೂವತ್ತು ವರ್ಷ ಜನ ನನ್ನನ್ನ ಬೈದರು," ಅಂದರು. "ಮನೆ ಬೀಗ ಹಾಕಿದ್ದರೂ ಬಿಲ್ ಬರುತ್ತಲ್ಲ ಅಂತ ಕಾಲರ್ ಹಿಡಿಯೋಕೆ ಬಂದವರೂ ಇದ್ದರು. ಆದರೆ ನಮ್ಮ ಬಿಲ್ಲಿನಲ್ಲಿ ಫಿಕ್ಸೆಡ್ ಚಾರ್ಜ್ ಬೇರೆ ಸಾಲು, ಕರೆಂಟಿನದ್ದು ಬೇರೆ ಸಾಲು, ಟ್ಯಾಕ್ಸ್ ಬೇರೆ ಸಾಲು. ಬೈಯೋರಿಗೆ ಯಾವುದನ್ನ ಬೈಬೇಕು ಅಂತ ಗೊತ್ತಿರ್ತಿತ್ತು."

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಅದು ಯಾಕೆ ಅಂತ ನನಗೆ ಆಗ ಗೊತ್ತಾಗಲಿಲ್ಲ.

ಮೊನ್ನೆ ಶೃಂಗೇರಿಗೆ ಹೋಗುವ ಮಾತು ಬಂತು. ನಾನು ಫೋನು ಕೈಗೆತ್ತಿಕೊಳ್ಳುವ ಮೊದಲೇ ಮಾವ, "ಈ ಸಲ ನಾನು ನೋಡ್ತೀನಿ ಇರಮ್ಮ" ಅಂದರು. ಅವರ ಹಳೆಯ ಸಹೋದ್ಯೋಗಿಯೊಬ್ಬರು ಉಳಿದುಬಂದಿದ್ದ ಲಾಡ್ಜಿನ ನಂಬರು ಅವರ ಡೈರಿಯಲ್ಲಿತ್ತು. ಸ್ಪೀಕರ್ ಹಾಕಿ ಜೋರಾಗಿ ಮಾತಾಡಿದರು. ಎರಡು ರೂಮು ಬೇಕು, ಆರು ಜನ, ಒಬ್ಬಳು ಹನ್ನೊಂದು ವರ್ಷದವಳು, ಅದನ್ನ ಈಗಲೇ ಹೇಳಿಬಿಡ್ತೀನಿ. ಎಲ್ಲಾ ಸೇರಿ ಎಷ್ಟು?

ಆ ಕಡೆಯವರು ರೂಮಿಗೆ ಸಾವಿರದ ನಾನೂರು ಅಂದರು.

"ಟ್ಯಾಕ್ಸು?"

"ಸೇರಿಸೇ ಹೇಳಿದ್ದು ಸಾರ್."

"ಹಾಸಿಗೆ?"

"ಒಂದು ಹಾಸಿಗೆ ತಾನೇ, ಕೊಡ್ತೀವಿ ಸಾರ್."

ಮಾವ ಜೇಬಿನಿಂದ ಮಡಿಚಿದ ಹಾಳೆ ತೆಗೆದು ಬಿಡಿಸಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು.

"ಮತ್ತೆ ಬೆಂಕಿಗೆ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಯಾವ ಬೆಂಕಿ ಸಾರ್?"